ಮಚ್ಚಿನವರ ಪಾಲಯ್ಯ

ಹದಿನಾರು ವರ್ಷದಿಂದ ತೋರಣಗಲ್ಲಿನ ಮಟನ್ ಅಂಗಡಿಯಲ್ಲಿ ಕುರಿ ಕಡಿಯುತ್ತಿರುವ ಪಾಲಯ್ಯ ಮಾಂಸ ತಿನ್ನುವುದಿಲ್ಲ. ಅದು ವ್ರತವಲ್ಲ, ಹರಕೆಯಲ್ಲ, ಕೊರಳಿಗೆ ಮಾಲೆ ಹಾಕಿಕೊಂಡದ್ದೂ ಅಲ್ಲ. ಬರೀ ಹೇಸಿಕೆ. ಬೆಳಿಗ್ಗೆ ಮೊದಲ ಕುರಿಯ ಹೊಟ್ಟೆ ಸೀಳಿದಾಗ ಮುಖಕ್ಕೆ ಬಡಿಯುವ ಬೆಚ್ಚನೆಯ ಹಬೆ, ಅರೆಬರೆ ಅರಗಿದ ಸೊಪ್ಪಿನ ಹುಳಿನಾತ, ಬಕೆಟ್ಟಿನೊಳಗೆ ಒಂದರ ಮೇಲೊಂದು ಜಾರಿ ಕೂರುವ ಕರುಳು, ಕಣ್ಣು ತೆರೆದುಕೊಂಡೇ ಇರುವ ತಲೆಗಳ ಸಾಲು, ಇವು ಯಾವುದಕ್ಕೂ ಅವನ ಮೈ ಇವತ್ತಿಗೂ ಒಗ್ಗಿಲ್ಲ. ಭಾನುವಾರ ನೈಟ್ ಶಿಫ್ಟ್ ಮುಗಿಸಿದವರು ಕಂಪನಿ ಬಸ್ಸಿಳಿದು ನೇರ ಅಂಗಡಿಗೆ ಬಂದು, ಕಟ್ಟೆಗೆ ಹೊಟ್ಟೆ ಒತ್ತಿ ನಿಂತು, "ನಲ್ಲಿ ಎಲುಬು ಹಾಕ್ರಿ, ಕೊಬ್ಬು ಕಮ್ಮಿ ಮಾಡ್ರಿ, ಲಿವರ್ ಮ್ಯಾಲ ಇಡ್ರಿ" ಎನ್ನುತ್ತಾರೆ. ಅವರ ಬಾಯಲ್ಲಿ ನೀರೂರುವುದು ಅವನಿಗೆ ಕಾಣುತ್ತದೆ. ಅದನ್ನು ನೋಡಿದರೆ ಅವನ ಬಾಯಲ್ಲೂ ನೀರೂರುತ್ತದೆ, ವಾಂತಿಗೆ ಮುಂಚೆ ಊರುವಂಥದ್ದು.

ಮಧ್ಯಾಹ್ನ ಮನೆಗೆ ಹೋದವನು ಬಟ್ಟೆ ಸೋಪಿನಲ್ಲಿ ಒಮ್ಮೆ, ಕಡಲೆಹಿಟ್ಟಿನಲ್ಲಿ ಒಮ್ಮೆ, ನಿಂಬೆಹಣ್ಣಿನ ಸಿಪ್ಪೆಯಲ್ಲಿ ಒಮ್ಮೆ ಕೈ ತಿಕ್ಕುತ್ತಾನೆ. ಹೆಂಡತಿ ಜಂಬವ್ವ ತಟ್ಟೆ ಇಟ್ಟು ಕಾಯುತ್ತಾಳೆ. ತುತ್ತು ಬಾಯಿಯ ಹತ್ತಿರ ಬಂದಾಗ ಉಗುರಿನ ಸಂದಿಯಿಂದ ಅದೇ ವಾಸನೆ ಬರುತ್ತದೆ. ಹಾಗಾಗಿ ಹದಿನಾರು ವರ್ಷದಿಂದ ಅವನು ಚಮಚದಲ್ಲೇ ಉಣ್ಣುತ್ತಾನೆ. ಓಣಿಯವರು ಅದನ್ನು ದೊಡ್ಡಸ್ತಿಕೆ ಅಂದುಕೊಂಡಿದ್ದಾರೆ.

ಅವನನ್ನು ಎಲ್ಲರೂ ಮಚ್ಚಿನ ಪಾಲಯ್ಯ ಎಂದೇ ಕರೆಯುವುದು. ಕೈಯಲ್ಲಿ ಮಚ್ಚು ಇದೆ, ಕಡಿಯುತ್ತಾನೆ, ಹೆಸರು ಬಂದಿದೆ ಎಂಬುದು ಅವರ ಲೆಕ್ಕ. ಅಂಗಡಿ ಅವನ ಹೆಂಡತಿಯ ಅಣ್ಣ ಗಾದಿಲಿಂಗನದು. ಅವನಂತೂ ಬೋರ್ಡಿನ ಮೇಲೆ ಎರಡು ಮಚ್ಚು ಅಡ್ಡಡ್ಡ ಬರೆಸಿ ಕೆಳಗೆ ಪಾಲಯ್ಯನ ಹೆಸರು ಹಾಕಿಸಿದ್ದ. ಬಣ್ಣ ಆರುವ ಮುಂಚೆಯೇ ಪಾಲಯ್ಯ ಅದನ್ನು ಒರೆಸಿ ಬಂದಿದ್ದ.

"ನಮ್ಮ ಮನಿ ಹೆಸರು ಕಡಿಯೋ ಮಚ್ಚಿನಿಂದ ಬಂದಿದ್ದಲ್ಲ," ಎಂದು ಅವನು ಹೇಳುತ್ತಿದ್ದ. "ನಮ್ಮಜ್ಜನ ಕಾಲದಾಗ ಮಚ್ಚು ಅಂದ್ರ ಮಾಳಿಗಿ."

ಗಾದಿಲಿಂಗ ನಗುತ್ತಿದ್ದ. "ಮಾಳಿಗಿಗೆ ಯಾರಲೇ ಮಚ್ಚು ಅಂತಾರ?"

ಕಂಪ್ಲಿ ಕೋಟೆಯೊಳಗೆ ಅನ್ನುತ್ತಿದ್ದರು. ಪಾಲಯ್ಯನ ಅಜ್ಜ ಹೊನ್ನೂರುಸ್ವಾಮಿ, ಅವನಪ್ಪ, ಅವರ ಹಿಂದಿನವರು, ಎಲ್ಲರೂ ಮಣ್ಣಿನ ಮಾಳಿಗೆ ಹಾಕುವವರು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಬೇವಿನ ಸೊಪ್ಪು, ಮೇಲೆ ಗೇಣು ದಪ್ಪ ಕೆಸರು, ಕೊನೆಗೆ ಸವಳು ಮಣ್ಣು. ಸವಳು ಮಣ್ಣು ಎಲ್ಲ ಕಡೆ ಸಿಗುವಂಥದ್ದಲ್ಲ. ಹೊಳೆಯ ಆಚೆ ಬಿಳಿ ಹುಡಿ ಎದ್ದ ನೆಲ ಹುಡುಕಿ, ನಾಲಿಗೆಗೆ ಹಚ್ಚಿ ನೋಡಿ ತರಬೇಕು. ಒಮ್ಮೆ ಹದವಾಗಿ ಕೂತರೆ ಮಳೆನೀರು ಅದರ ಮೇಲೆ ನಿಲ್ಲದೆ ಜಾರಿ ಹೋಗುತ್ತದೆ. ಎಮ್ಮಿಗನೂರಿನಿಂದ ಹೊಸಪೇಟೆಯವರೆಗೆ ಏಪ್ರಿಲ್ ಬಂತೆಂದರೆ "ಮಚ್ಚಿನವರಿಗೆ ಹೇಳಿ ಕಳಿಸ್ರಿ" ಎನ್ನುತ್ತಿದ್ದರು. ಪಾಲಯ್ಯ ಹತ್ತು ವರ್ಷದವನಿದ್ದಾಗಲೇ ಅಜ್ಜನ ಹಿಂದೆ ಮಚ್ಚು ಹತ್ತಿದ. ಮೇಲೆ ಗಾಳಿ, ಬಿಸಿಲು, ಒದ್ದೆ ಮಣ್ಣಿನ ಘಮ. ಕೆಳಗಿನ ಮಂದಿ ಚಿಕ್ಕದಾಗಿ ಕಾಣುತ್ತಿದ್ದರು. ಅದರಷ್ಟು ಶುದ್ಧವಾದ ಕೆಲಸ ಇನ್ನೊಂದಿಲ್ಲ ಎಂಬುದು ಅವನ ಮನಸ್ಸಿನಲ್ಲಿ ಅಚ್ಚೊತ್ತಿ ಕೂತಿತ್ತು.

ಆಮೇಲೆ ಸಿಮೆಂಟು ಬಂತು. ಗಣಿಯ ಕೆಲಸ, ಫ್ಯಾಕ್ಟರಿ ಕೆಲಸ ಸಿಕ್ಕವರು ಮೊದಲು ಮಾಡಿದ್ದೇ ಹಳೆ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿದ್ದು. ಪಾಲಯ್ಯನಿಗೆ ಮೂವತ್ತಾರು ತುಂಬುವ ಹೊತ್ತಿಗೆ ವರ್ಷಕ್ಕೆ ಒಂದು ಮಾಳಿಗೆಯೂ ಸಿಗದಾಯಿತು. ಗಾದಿಲಿಂಗ ಕರೆದ. "ನಿನ್ನ ಕೈಯಾಗ ಏಟು ಐತಿ. ಜಂತಿ ಕಡಿಯಾಂವಗ ಎಲುಬು ಕಡಿಯಾಕ ಬರ್ತೈತಿ." ಮೊದಲ ದಿನ ಅಂಗಡಿಯ ಹಿಂದಿನ ಚರಂಡಿಗೆ ಪಾಲಯ್ಯ ಮೂರು ಸಲ ವಾಂತಿ ಮಾಡಿದ. ನಾಲ್ಕನೆಯ ದಿನದಿಂದ ವಾಂತಿ ನಿಂತಿತು, ಹೇಸಿಕೆ ನಿಲ್ಲಲಿಲ್ಲ. ಕೈ ಮಾತ್ರ ಬೇಗ ಕಲಿಯಿತು. ಎರಡನೆಯ ಏಟು ಬೇಡದ ಹಾಗೆ ಕಡಿಯುತ್ತಾನೆ ಎಂದು ಸಂಡೂರಿನಿಂದಲೂ ಗಿರಾಕಿ ಬರತೊಡಗಿದರು. ಹೊಗಳಿದಷ್ಟೂ ಅವನಿಗೆ ತನ್ನ ಕೈಯೇ ಬೇರೆಯವನದು ಅನ್ನಿಸುತ್ತಿತ್ತು.

ಹೋದ ವರ್ಷ ಮಾರ್ಚ್ ಕೊನೆಯ ಒಂದು ಮಂಗಳವಾರ ಅಂಗಡಿಯೆದುರು ಒಂದು ಕಾರು ನಿಂತಿತು. ಇಳಿದವನು ಮೂವತ್ತರ ಆಸುಪಾಸಿನ ಎಂಜಿನಿಯರ್, ಹೆಸರು ಭಾರ್ಗವ್. ಅವನು ರಸ್ತೆ ದಾಟಲಿಲ್ಲ. ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಆಚೆ ಬದಿಯಿಂದಲೇ ಕೇಳಿದ.

"ಕಂಪ್ಲಿ ಮಚ್ಚಿನವರು ಅಂದ್ರ ನೀವೇನ್ರಿ?"

"ಹೌದ್ರಿ. ಎಷ್ಟು ಕೆಜಿ?"

"ನನಗ ಮಟನ್ ಬ್ಯಾಡ್ರಿ. ಹೊಸಪ್ಯಾಟ್ಯಾಗ ನಮ್ಮಜ್ಜಿ ಮನಿ ಮಾಳಿಗಿ ಸೋರ್ತದ. ಕಂಪ್ಲಿಗೆ ಹೋಗಿ ಮಚ್ಚಿನವರನ್ನ ಹುಡುಕು ಅಂದ್ರು. ಅಲ್ಲಿ ಕೇಳಿದ್ರ ನಿಮ್ಮ ಅಂಗಡಿ ತೋರಿಸಿದ್ರು."

ಪಾಲಯ್ಯ ಕೈಯಲ್ಲಿದ್ದ ಮಚ್ಚನ್ನು ಕೊರಡಿಗೆ ನಾಟಿ ರಸ್ತೆ ದಾಟಿದ. ಅಂಗಡಿ ಸೇರಿದ ಮೇಲೆ ಮಾಳಿಗೆಗಾಗಿ ಅವನನ್ನು ಹುಡುಕಿಕೊಂಡು ಬಂದ ಮೊದಲ ಮನುಷ್ಯ ಇವನು. ಭಾರ್ಗವ್ ಎರಡು ಹೆಜ್ಜೆ ಹಿಂದೆ ಸರಿದ.

"ಒಂದು ಮಾತು," ಎಂದ ಭಾರ್ಗವ್. "ಅಜ್ಜಿ ಭಾಳ ಮಡಿ. ಈ ಅಂಗಡಿ ವಿಷಯ ಅವರ ಮುಂದ ತಗೀಬ್ಯಾಡ್ರಿ. ಗಾರೆ ಕೆಲಸ ಮಾಡ್ತೀನಿ ಅಂತ ಹೇಳ್ರಿ."

ಪಾಲಯ್ಯ ಆಗಲಿ ಎಂದ. ಎಷ್ಟು ಸಲೀಸಾಗಿ ಒಪ್ಪಿಕೊಂಡೆನಲ್ಲ ಎಂದು ಆಮೇಲೆ ತನ್ನ ಮೇಲೇ ಅವನಿಗೆ ಕಸಿವಿಸಿಯಾಯಿತು.

ಮನೆ ಹೊಸಪೇಟೆಯ ಹಳೆಯ ಭಾಗದಲ್ಲಿತ್ತು. ಎಡಬಲಕ್ಕೆ ಮೂರಂತಸ್ತಿನ ಕಟ್ಟಡಗಳು, ನಡುವೆ ಒಂದೇ ಒಂದು ಮಣ್ಣಿನ ಮಾಳಿಗೆ. ಅಜ್ಜಿ ಸೀತಾಬಾಯಿಗೆ ಎಂಬತ್ತನಾಲ್ಕು. ಬಿಳಿ ಸೀರೆಯ ಸೆರಗನ್ನು ತಲೆತುಂಬ ಹೊದ್ದು ಕಟ್ಟೆಯ ಮೇಲೆ ಕೂತಿದ್ದರು. ಪಾಲಯ್ಯ ಅಂಗಳದಲ್ಲಿ ನಿಂತ.

"ಹೊನ್ನೂರುಸ್ವಾಮಿ ಮೊಮ್ಮಗನೇನಪಾ ನೀನು? ಆತ ಮಚ್ಚು ಹತ್ತಿದ ಅಂದ್ರ ಊಟಕ್ಕೂ ಇಳೀತಿದ್ದಿಲ್ಲ. ನಮ್ಮತ್ತಿಯವರು ಮಾಳಿಗಿ ಅಂತ ಒಂದಿನಾ ಅಂದವರಲ್ಲ. ಮಚ್ಚು ಒಣಗೇದೇನು, ಮಚ್ಚಿನ ಮ್ಯಾಲ ಹಪ್ಪಳ ಹಾಕು, ಹಿಂಗ. ಈಗಿನವರಿಗೆ ಮಚ್ಚು ಅಂದ್ರ ಕಡಿಯೋದೊಂದೇ ಗೊತ್ತು."

ಪಾಲಯ್ಯನಿಗೆ ಎದೆ ತುಂಬಿ ಬಂತು. ಆ ಮಾತನ್ನು ಆ ಅರ್ಥದಲ್ಲಿ ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. "ಮ್ಯಾಲಿಂದ ಮುಚ್ಚತೈತಿ, ಅದಕ ಮಚ್ಚು ಅಂತಿದ್ದ ನಮ್ಮಜ್ಜ," ಎಂದ.

ಭಾರ್ಗವ್ ಅಷ್ಟು ಹೊತ್ತಿಗೆ ಮೊಬೈಲ್ ತೆರೆದಿದ್ದ. "ನಾನು ನಿಘಂಟು ನೋಡಿದೀನಿ. ಎರಡೂ ಬೇರೆಬೇರೆ ಮಾತು. ಮಾಳಿಗಿ ಮಚ್ಚು ತಮಿಳಿನಾಗೂ ಅದ, ಮಲೆಯಾಳದಾಗೂ ಅದ. ಮಂಚ ಅನ್ನೋ ಮಾತಿನ ಕಡೀದಿರಬಹುದು ಅಂತ ಕೆಲವರ ಊಹೆ. ಕಡಿಯೋ ಮಚ್ಚಿಗೂ ಅದಕ್ಕೂ ನಂಟಿಲ್ಲ. ಉಚ್ಚಾರ ಮಾತ್ರ ಒಂದು."

ನಂಟಿಲ್ಲ ಎಂಬ ಮಾತು ಪಾಲಯ್ಯನಿಗೆ ಔಷಧಿಯ ಹಾಗಿತ್ತು. ಅದನ್ನು ಗಾದಿಲಿಂಗನಿಗೆ ಹೇಳಬೇಕು ಎಂದುಕೊಂಡ.

"ಸೋರೋದು ಇರಲಿ," ಎಂದರು ಸೀತಾಬಾಯಿ, ಸೆರಗಿನ ತುದಿಯನ್ನು ಮೂಗಿಗೆ ಹಿಡಿದು. "ದೇವರ ಮನ್ಯಾಗ ಒಂದು ನಾತ ಅದ. ಹೋಗವಲ್ದು."

ದೇವರ ಮನೆಯ ಹೊರಗೆ ನಿಂತು ಪಾಲಯ್ಯ ಉಸಿರೆಳೆದ. ಕರ್ಪೂರ, ಊದುಬತ್ತಿ, ತುಪ್ಪದ ದೀಪ. ಅವುಗಳ ಅಡಿಯಲ್ಲಿ ಬೇರೊಂದು ವಾಸನೆ ಮೆತ್ತಗೆ ಮಲಗಿತ್ತು. ಅದು ಅವನಿಗೆ ಗೊತ್ತಿದ್ದ ವಾಸನೆ. ಗೊತ್ತಿಲ್ಲವೆಂದು ತನಗೇ ಹೇಳಿಕೊಂಡ. ಆ ಕೋಣೆಗೆ ಮಾತ್ರ ಮಾಳಿಗೆಯ ಕೆಳಗೆ ಹಲಗೆಯ ಇನ್ನೊಂದು ಮುಚ್ಚಿಗೆ ಇತ್ತು. ಎರಡರ ನಡುವೆ ಮೊಣಕಾಲೆತ್ತರದ ಸಂದು. ಹಲಗೆಯ ನಡುಮಧ್ಯೆ, ಸರಿಯಾಗಿ ದೇವರ ಮಂಟಪದ ಮೇಲೆ, ಕಪ್ಪು ಕಲೆಯೊಂದು ಹರಡಿಕೊಂಡಿತ್ತು. ಮಳೆಗಾಲದಲ್ಲಿ ಅಲ್ಲಿಂದಲೇ ತೊಟ್ಟಿಕ್ಕುತ್ತದೆ, ಕೆಳಗೆ ತಾಮ್ರದ ಕೊಡಪಾನ ಇಡುತ್ತೇವೆ ಎಂದರು ಸೀತಾಬಾಯಿ. ದೇವರ ಮೇಲಿಂದ ಬಿದ್ದ ನೀರು ಚರಂಡಿಗೆ ಚೆಲ್ಲಬಾರದೆಂದು ತುಳಸಿಗೆ ಹಾಕುತ್ತಿದ್ದರಂತೆ.

ಏಪ್ರಿಲ್ ಎರಡನೆಯ ವಾರ ಗಾದಿಲಿಂಗನಿಗೆ ಹೇಳಿ ಪಾಲಯ್ಯ ಕೆಲಸಕ್ಕೆ ಬಂದ. ಮಣ್ಣು ಹೊರಲು ನಿಂಗಕ್ಕ ಇದ್ದಳು. ಇಪ್ಪತ್ತು ವರ್ಷದಿಂದ ಆ ಮನೆಯ ಕಸ ಮುಸುರೆ ಮಾಡುವವಳು, ಐವತ್ತು ದಾಟಿದ ಗಟ್ಟಿ ಹೆಂಗಸು. ಮೊದಲ ದಿನ ಪಡಸಾಲೆಯ ಮೇಲಿನ ಹಳೆ ಮಣ್ಣು ಕೆರೆದರು. ಗಾಳಿ ಬೀಸುತ್ತಿತ್ತು. ದೂರದಲ್ಲಿ ಹಂಪಿಯ ಕಡೆಯ ಬಂಡೆಗುಡ್ಡಗಳು ಕಾಣುತ್ತಿದ್ದವು. ಪಾಲಯ್ಯ ಅವತ್ತು ಮಧ್ಯಾಹ್ನ ಚಮಚ ಕೇಳದೆ ಬುತ್ತಿ ಬಿಚ್ಚಿ ಕೈಯಲ್ಲೇ ರೊಟ್ಟಿ ಮುರಿದು ತಿಂದ.

ಎರಡನೆಯ ದಿನ ದೇವರ ಮನೆಯ ಮೇಲಿನ ಮಣ್ಣು ತೆಗೆದು, ಗೆದ್ದಲು ಹತ್ತಿದ ಎರಡು ಹಲಗೆ ಎಬ್ಬಿಸಿದ. ಕೆಳಗಿನಿಂದ ನಾತ ಎದ್ದು ಬಂತು. ನಿಂಗಕ್ಕ ಬುಟ್ಟಿ ಕೆಡವಿ ಆಚೆ ಓಡಿದಳು. ಕಂದು ಬಣ್ಣದ ಬೆಕ್ಕೊಂದು ಸಂದಿನಿಂದ ಚಿಮ್ಮಿ, ಮುರಿದ ಗವಾಕ್ಷಿಯ ಮೂಲಕ ಪಕ್ಕದ ಗೋಡೆಗೆ ಹಾರಿ ಹೋಯಿತು. ಪಾಲಯ್ಯ ಬಗ್ಗಿ ಒಳಗೆ ಕೈ ಹಾಕಿದ. ಕೈಗೆ ಹತ್ತಿದ್ದು ಮೆತ್ತಗಿತ್ತು, ಒಂದಿಷ್ಟು ಬೆಚ್ಚಗೂ ಇತ್ತು.

ಬೆಕ್ಕುಗಳು ವರ್ಷಗಟ್ಟಲೆ ಅಲ್ಲಿ ಸಂಸಾರ ಮಾಡಿದ್ದವು. ಹೆಗ್ಗಣದ ಬುರುಡೆ, ಪಾರಿವಾಳದ ರೆಕ್ಕೆ, ಉಗುರು ಸಮೇತ ಹಳದಿ ಕೋಳಿಕಾಲು, ಒಣಗಿ ಹಪ್ಪಳವಾದ ಮೂರು ಬೆಕ್ಕಿನ ಮರಿ, ಅವುಗಳ ನಡುವೆ ನಿನ್ನೆ ಮೊನ್ನೆ ತಂದ ಇಲಿಯ ಅರ್ಧ ದೇಹ. ಎಲ್ಲವೂ ಹೇಲು ಉಚ್ಚೆಯಲ್ಲಿ ಅಂಟಿಕೊಂಡು ಒಂದು ಗೇಣು ದಪ್ಪದ ಪದರವಾಗಿತ್ತು, ಮೇಲೆ ಹುಳ ಹರಿದಾಡುತ್ತಿತ್ತು. ಪಾಲಯ್ಯ ಎದ್ದು, ಮಾಳಿಗೆಯ ಅಂಚಿನ ಗೋಡೆಗೆ ಹೊಟ್ಟೆ ಒತ್ತಿ, ಹಿತ್ತಲಿಗೆ ವಾಂತಿ ಮಾಡಿದ. ಬೆಳಗಿನ ರೊಟ್ಟಿಯೆಲ್ಲ ಬಂತು. ಕುರಿಯ ಹೊಟ್ಟೆ ಸೀಳುವಾಗಲೂ ಇಷ್ಟು ಆಗಿರಲಿಲ್ಲ. ಅದು ಅಂಗಡಿ, ಅಲ್ಲಿ ಹೊಲಸು ಇರುತ್ತದೆಂದು ಗೊತ್ತಿರುತ್ತದೆ. ಇದು ಮಚ್ಚು. ಇಷ್ಟು ವರ್ಷ ಅವನು ಶುದ್ಧವೆಂದು ಎದೆಯಲ್ಲಿ ಇಟ್ಟುಕೊಂಡಿದ್ದ ಜಾಗ.

ಬಾಯಿ ತೊಳೆದು, ಟವೆಲಿಗೆ ಕರ್ಪೂರದ ಪುಡಿ ಸವರಿ ಮೂಗಿಗೆ ಕಟ್ಟಿಕೊಂಡು ಮತ್ತೆ ಇಳಿದ. ಸಿಮೆಂಟ್ ಚೀಲಕ್ಕೆ ಸಲಿಕೆಯಿಂದ ತುಂಬುವಾಗ ಒಂದು ಎಲುಬು ಟಣ್ಣೆಂದಿತು. ಎತ್ತಿ ನೋಡಿದ. ಕುರಿಯ ಪಕ್ಕೆಲುಬು. ತುದಿ ಮುರಿದದ್ದಲ್ಲ, ಕಡಿದದ್ದು. ಓರೆಯಾಗಿ ಒಂದೇ ಏಟಿಗೆ ಬಿದ್ದ ಗುರುತು. ಅಂಥವು ಇನ್ನೂ ಹತ್ತಾರು ಇದ್ದವು. ಹಿಂದಿನ ಓಣಿಯಾಚೆಯ ಅಂಗಡಿಗಳ ತಿಪ್ಪೆಯಿಂದ ಬೆಕ್ಕು ಕಚ್ಚಿ ತಂದಿದ್ದಿರಬೇಕು. ಎರಡೂ ಮಾತಿಗೆ ನಂಟಿಲ್ಲ ಎಂದು ಭಾರ್ಗವ್ ಹೇಳಿದ್ದು ನೆನಪಾಗಿ ಪಾಲಯ್ಯ ಆ ಎಲುಬನ್ನು ಚೀಲಕ್ಕೆ ಎಸೆದ. ಸ್ವಲ್ಪ ಹೊತ್ತಾದ ಮೇಲೆ ಯಾಕೋ ಅದನ್ನು ಹುಡುಕಿ ತೆಗೆದು ಬೇರೆ ಇಟ್ಟ.

ನಿಂಗಕ್ಕ ದೂರದಲ್ಲಿ ಕೂತು ತಲೆಯ ಮೇಲೆ ಕೈ ಹೊತ್ತಿದ್ದಳು.

"ಅಯ್ಯೋ ಎಲ್ಲಮ್ಮ," ಎಂದಳು.

"ಯಾರದು ಎಲ್ಲಮ್ಮ?"

"ಹಿತ್ತಲ ಕೋಲ್ಯಾಗ ಬಾಡಿಗಿ ಇದ್ಲು. ದವಾಖಾನ್ಯಾಗ ಆಯಾ. ಒಬ್ಬಾಕಿನ, ಗಂಡ ಇಲ್ಲ. ಈ ನಾತ ಬಂತಲ್ಲ, ಆಕಿ ಕದ್ದು ಕೋಳಿ ಕುರಿ ಬೇಯಿಸ್ತಾಳ ಅಂದ್ರು ಅಮ್ಮಾರು. ಆಕಿ ಇಲ್ರಿ, ಮಾತು ಕೊಟ್ಟಿದೀನಿ ಅಂದ್ಲು. ಒಂದಿನ ಅಮ್ಮಾರು ಹೋಗಿ ಗಡಿಗಿ ಮುಚ್ಚಳ ತಗದು ಮೂಸಿದ್ರು. ಓಣಿಯವರೆಲ್ಲ ನಿಂತಿದ್ರು. ಅವತ್ತ ಸಂಜಿಗೆ ಖಾಲಿ ಮಾಡಿಸಿದ್ರು. ಎರಡು ವರ್ಷಾತು."

"ಆಕಿ ಹೋದಮ್ಯಾಲ ನಾತ?"

"ಎಲ್ಲಿ ಹೋಗತೈತಿ? ಆಕಿ ನಾತ ಗ್ವಾಡಿಗೆ ಹಿಡದೈತಿ ಅಂದ್ರು. ಕೋಲಿಗೆ ಎರಡು ಸಲ ಸುಣ್ಣ ಹೊಡಿಸಿದ್ರು. ಗೋಮೂತ್ರ ಹೊಡದಿದ್ದು ನಾನ."

ಪಾಲಯ್ಯ ಬೇರೆ ಇಟ್ಟಿದ್ದ ಪಕ್ಕೆಲುಬನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ಸಂಜೆಯ ಹೊತ್ತಿಗೆ ಹನ್ನೊಂದು ಚೀಲ ತುಂಬಿದ್ದವು. ಭಾರ್ಗವ್ ಬಂದು ಏಣಿಯ ಅರ್ಧದವರೆಗೆ ಹತ್ತಿ, ಒಂದು ನೋಟ ನೋಡಿ ಇಳಿದ. ಅವನ ಮುಖ ಬಿಳಿಚಿತ್ತು.

"ಹಿಂದಿನ ಬಾಗಿಲಿಂದ ಸಾಗಿಸಿಬಿಡ್ರಿ. ಅಜ್ಜಿಗೆ ಇಲಿ ಸತ್ತಿತ್ತು ಅಂತ ಹೇಳ್ತೀನಿ. ಇಷ್ಟೆಲ್ಲ ಗೊತ್ತಾದ್ರ ಅವರು ಊಟ ಬಿಡ್ತಾರ."

"ಆ ಹೆಣ್ಮಗಳ ವಿಷಯ ನಿಮಗ ಗೊತ್ತಿತ್ತೇನ್ರಿ?"

"ಹಳೇದೆಲ್ಲ ಈಗ್ಯಾಕ್ರಿ," ಎಂದು ಭಾರ್ಗವ್ ಕಾರಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

ಪಾಲಯ್ಯ ಜಗಳದ ಮನುಷ್ಯನಲ್ಲ. ಅಂಗಡಿಯಲ್ಲಿ ಗಿರಾಕಿ ಬೈದರೂ ತಲೆ ತಗ್ಗಿಸಿ ಕಡಿಯುವವನು. ಅವತ್ತು ಮಾತ್ರ ಒಂದು ಚೀಲ ಹೊತ್ತು ಹಿಂದಿನ ಬಾಗಿಲಿಗೆ ಹೋಗದೆ ನೇರ ಅಂಗಳಕ್ಕೆ ಬಂದ.

"ಅಮ್ಮಾರ, ಸ್ವಲ್ಪ ಹೊರಗ ಬರ್ರಿ. ನೀವು ನೋಡಬೇಕು."

ಸೀತಾಬಾಯಿ ಗೋಡೆ ಹಿಡಿದು ಬಂದರು. ಪಾಲಯ್ಯ ಚೀಲದ ಬಾಯಿ ಬಿಚ್ಚಿದ. ಅವರು ಸೆರಗನ್ನು ಮೂಗಿಗೆ ಒತ್ತಿ ಹಿಡಿದರು, ಕಣ್ಣು ಮಾತ್ರ ತೆಗೆಯಲಿಲ್ಲ.

"ನಿಮ್ಮ ದೇವರ ಮನಿ ಮ್ಯಾಲ ಇದ್ದಿದ್ದು. ಇಂಥವು ಹನ್ನೊಂದು ಚೀಲ. ಕೆಲವು ಬೆಕ್ಕು ಹಿಡದಿದ್ದು, ಕೆಲವು ಅಂಗಡೀದು." ಅವನು ಪಕ್ಕೆಲುಬು ತೋರಿಸಿದ. "ಇದು ಮಚ್ಚಿನ ಏಟು. ನನಗ ಗೊತ್ತಾಗತೈತಿ. ನಾನು ತೋರಣಗಲ್ಲಿನಾಗ ಕುರಿ ಕಡಿಯಾಂವ. ನಿಮ್ಮ ಮೊಮ್ಮಗ ಹೇಳಬ್ಯಾಡ ಅಂದಿದ್ರು."

ಭಾರ್ಗವ್ ಬಾಗಿಲ ಬಳಿ ನಿಂತು ಆಚೆ ನೋಡುತ್ತಿದ್ದ. ನೊಣಗಳು ಚೀಲದ ಸುತ್ತ ಸೇರುತ್ತಿದ್ದವು.

"ಎಷ್ಟು ವರ್ಷದ್ದಿದ್ದೀತು?" ಎಂದು ಕೇಳಿದರು ಸೀತಾಬಾಯಿ.

"ತಳದ್ದು ಆರೇಳು ವರ್ಷದ್ದರ ಇರಬೇಕ್ರಿ."

"ಹಂಗಾರ ಎಲ್ಲಮ್ಮ ಬರೋಕಿಂತ ಮೊದಲಿಂದು."

ಅಷ್ಟು ಹೇಳಿ ಒಳಗೆ ಹೋದರು. ತುಳಸಿಕಟ್ಟೆಯ ಹತ್ತಿರ ಒಮ್ಮೆ ನಿಂತರು, ಗಿಡವನ್ನು ನೋಡಿದರು, ಮುಟ್ಟಲಿಲ್ಲ. ಅವತ್ತು ಅವರು ಉಣ್ಣಲಿಲ್ಲ ಎಂದು ನಿಂಗಕ್ಕ ಹೇಳಿದಳು.

ಮಾರನೆಯ ದಿನ ತನ್ನನ್ನು ಕೆಲಸದಿಂದ ಬಿಡಿಸುತ್ತಾರೆ ಎಂದು ಪಾಲಯ್ಯ ಬುತ್ತಿ ಕಟ್ಟಿಸಿಕೊಳ್ಳದೆ ಬಂದ. ಬಿಡಿಸಲಿಲ್ಲ. ದೇವರನ್ನು ಪಡಸಾಲೆಗೆ ತಂದಿದ್ದರು. ಪುರೋಹಿತರು ಬಂದು ಪಂಚಗವ್ಯ ಚಿಮುಕಿಸಿ ಹೋಗಿದ್ದರು. ನಲ್ಲಿಯ ಪಕ್ಕದ ಗೂಡಿನಲ್ಲಿ ಅವನಿಗೆಂದು ಇಟ್ಟಿದ್ದ ಸ್ಟೀಲ್ ಲೋಟದಲ್ಲಿ, ಮೊದಲಿನ ಹಾಗೆಯೇ, ನಿಂಗಕ್ಕ ಚಹಾ ಹೊಯ್ದಳು. ಅದೇ ಲೋಟ, ಅದೇ ಗೂಡು. ಗಾರೆಯವನೆಂದು ಹೇಳಿದ್ದರೂ ಕಟುಕನೆಂದು ಹೇಳಿದ್ದರೂ ಅವನ ಲೋಟದ ಜಾಗ ಅಲ್ಲೇ ಇರುತ್ತಿತ್ತು ಎಂಬುದು ಅವನಿಗೆ ಆಗ ಹೊಳೆಯಿತು. ಆ ಸುಳ್ಳು ಯಾರ ಉಪಯೋಗಕ್ಕೂ ಬಂದಿರಲಿಲ್ಲ. ಚಹಾವನ್ನು ನಲ್ಲಿ ಬದಿಯ ಗಿಡದ ಬುಡಕ್ಕೆ ಚೆಲ್ಲಿದ.

ಎಲ್ಲಮ್ಮನನ್ನು ಕರೆಸಿದ್ದು ಸೀತಾಬಾಯಿಯೇ. ನಿಂಗಕ್ಕ ಹೋಗಿ ಹೇಳಿ ಬಂದಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ ಡ್ಯೂಟಿ ಮುಗಿಸಿ, ಆಸ್ಪತ್ರೆಯ ನೀಲಿ ಸೀರೆಯಲ್ಲೇ ಅವಳು ಬಂದಳು. ನಲವತ್ತರ ಸಣಕಲು ಹೆಂಗಸು. ಪಾಲಯ್ಯ ಮೇಲೆ ಜಂತಿ ಕೂರಿಸುತ್ತಿದ್ದವನು ಕೆಲಸ ನಿಲ್ಲಿಸಿದ. ಹತ್ತು ಚೀಲ ಹೋಗಿದ್ದವು. ಒಂದನ್ನು ಇರಲಿ ಎಂದು ಸೀತಾಬಾಯಿ ಹಿತ್ತಲಲ್ಲಿ ಇಡಿಸಿದ್ದರು. ಎಲ್ಲಮ್ಮ ಅದರೊಳಗೆ ಇಣುಕಿ ನೋಡಿ, ಸೆರಗು ಮೂಗಿಗೆ ಹಿಡಿಯದೆ, ಹಾಗೇ ನಿಂತಳು.

"ನಂದು ತಪ್ಪಾತವಾ," ಎಂದರು ಸೀತಾಬಾಯಿ. "ಕೋಲಿ ಖಾಲಿ ಅದ. ವಾಪಸ್ ಬಾ."

"ಅವತ್ತು ನೀವು ಮೂಸಿದ ಗಡಿಗ್ಯಾಗ ಏನಿತ್ತು ನೆನಪೈತೇನ್ರಿ? ಬದನಿಕಾಯಿ ಪಲ್ಯ. ನಿಮ್ಮ ಮೂಗಿಗೆ ಅದು ಕುರಿ ನಾತ ಹೊಡೀತು."

ಸೀತಾಬಾಯಿ ತಲೆ ತಗ್ಗಿಸಿದರು.

"ನನಗ ಕೋಲಿ ಬ್ಯಾಡ್ರಿ. ಈಗ ನನಗ ಈ ಮನಿ ನಾತ ಹೊಡೀತೈತಿ. ಅವತ್ತು ಯಾರ ಮುಂದ ನನ್ನ ಗಡಿಗಿ ಮೂಸಿದ್ರಿ, ಅವರ ಮುಂದ ಹೇಳ್ರಿ ಸಾಕು."

ಸೀತಾಬಾಯಿ ಗೇಟಿನವರೆಗೆ ನಡೆಯಲು ಹೊತ್ತು ಹಿಡಿಯಿತು. ಎದುರು ಮನೆಯ ಇಬ್ಬರು ಹೆಂಗಸರನ್ನು ಕರೆದರು. ಪಾಲಯ್ಯನಿಗೆ ಮಾಳಿಗೆಯಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. "ಆ ನಾತ ಎಲ್ಲಮ್ಮಂದಲ್ಲ. ನಮ್ಮ ದೇವರ ಮನೀದು," ಎಂದರು ಅವರು. ದನಿ ಸಣ್ಣಗಿತ್ತು, ಆದರೆ ಹೇಳಿದರು. ಅವರಲ್ಲಿ ಒಬ್ಬಾಕೆ ನಕ್ಕು, "ಹೋಗ್ಲಿ ಬಿಡ್ರಿ, ಹಳೇ ಮಾತು," ಎಂದಳು. ಎಲ್ಲಮ್ಮ ಆಕೆಯ ಮುಖ ನೋಡಿ, "ನಿಮಗ ಹಳೇದು," ಎಂದು ಹೇಳಿ ಬಸ್ ನಿಲ್ದಾಣದ ಕಡೆ ನಡೆದಳು. ಮತ್ತೆ ಆ ಓಣಿಗೆ ಬರಲಿಲ್ಲ.

ಉಳಿದ ಕೆಲಸ ಹದಿನೆಂಟು ದಿನ ಹಿಡಿಯಿತು. ಪಾಲಯ್ಯ ಹೊಳೆಯಾಚೆಯಿಂದ ಸವಳು ಮಣ್ಣು ತರಿಸಿ, ನಾಲಿಗೆಗೆ ಹಚ್ಚಿ ನೋಡಿದ. ಕೆಳಗಿನ ಹಲಗೆ ಮುಚ್ಚಿಗೆಯನ್ನು ಪೂರಾ ತೆಗೆಸಿದ. ಕೆಳಗೆ ನಿಂತರೆ ತೊಲೆ ಜಂತಿ ಎಲ್ಲ ಕಾಣಬೇಕು, ಮರೆ ಇರಬಾರದು ಎಂದು ಹಟ ಹಿಡಿದ. ದೇವರ ಮನೆಯ ತೊಲೆಗಳನ್ನು ಅವನೇ ಉಜ್ಜಿ ತೊಳೆದ. ಆದರೂ ಮೇಲೆ ನಿಂತಾಗ ಮೊದಲ ದಿನದ ಗಾಳಿ ಮತ್ತೆ ಬರಲಿಲ್ಲ. ಪ್ರತಿ ಹಳೆ ಮಾಳಿಗೆಯ ಹೊಟ್ಟೆಯಲ್ಲೂ ಏನಿದೆಯೋ ಎಂದು ಅನುಮಾನ. ಅಜ್ಜನ ಕಾಲದಲ್ಲೂ ಇದ್ದಿರಬೇಕು. ಅಜ್ಜ ಸದ್ದಿಲ್ಲದೆ ಗುಡಿಸಿ ಹಾಕಿ, ಮೊಮ್ಮಗನಿಗೆ ಒದ್ದೆ ಮಣ್ಣಿನ ಘಮ ಮಾತ್ರ ತೋರಿಸಿದ್ದಿರಬೇಕು.

ಕೊನೆಯ ದಿನ ಭಾರ್ಗವ್ ಬಂದ. ಕಮಲಾಪುರದ ಹತ್ತಿರ ಪ್ರವಾಸಿಗರಿಗಾಗಿ ಎಂಟು ಮಣ್ಣಿನ ಮಾಳಿಗೆಯ ಕೋಣೆ ಕಟ್ಟಿಸುತ್ತಿದ್ದ.

"ವರ್ಷವಿಡೀ ಕೆಲಸ ಅದ. ನಿಮ್ಮಂಥವರು ಬೇರೆ ಯಾರೂ ಉಳಿದಿಲ್ಲ. ಬೋರ್ಡಿನ ಮ್ಯಾಲ 'ಮಚ್ಚಿನ ಮನೆ' ಅಂತನ ಹಾಕ್ತೀವಿ, ಕೆಳಗ ಮಾತಿನ ಅರ್ಥ ಬರೀತೀವಿ. ಆದ್ರ ಆ ಅಂಗಡಿ ಬಿಡಬೇಕಾಗ್ತದ. ಬಂದವರು ವಿಡಿಯೋ ಮಾಡ್ತಾರ, ಕೇಳ್ತಾರ."

ಎರಡು ತಿಂಗಳ ಹಿಂದೆ ಯಾರಾದರೂ ಹೀಗೆ ಕರೆದಿದ್ದರೆ ಪಾಲಯ್ಯ ಮಚ್ಚನ್ನು ತುಂಗಭದ್ರೆಗೆ ಎಸೆದು ಬರುತ್ತಿದ್ದ. ಈಗ ಅವನಿಗೆ ಕಂಡದ್ದು ಕಾರಿನ ಕೀಲಿಯನ್ನು ಕೈಯಿಂದ ಕೈಗೆ ಬದಲಾಯಿಸಿದ ಆ ಸಂಜೆಯ ಭಾರ್ಗವ್.

"ಬೇಸಿಗ್ಯಾಗ ಬಂದು ಮಾಳಿಗಿ ಹಾಕಿಕೊಡ್ತೀನ್ರಿ. ಅಂಗಡಿ ಬಿಡಾಂಗಿಲ್ಲ."

"ನಿಮಗ ಆ ಕೆಲಸ ಹೇಸಿಕಿ ಅಂತ ಮೊನ್ನೆ ಮಾತಾಡ್ತಾ ನೀವ ಅಂದ್ರಲ್ಲ."

"ಹೇಸಿಕಿನ ಐತ್ರಿ. ಆದ್ರ ಅಂಗಡ್ಯಾಗ ಹೊಲಸು ಕಣ್ಮುಂದ ಇರತೈತಿ. ಸಂಜಿಗೆ ನೀರು ಹಾಕಿ ತೊಳಿತೀವಿ."

ಭಾರ್ಗವ್‌ಗೆ ಅದು ಅರ್ಥವಾಯಿತೋ ಇಲ್ಲವೋ, ಬೇಸಿಗೆ ಕೆಲಸಕ್ಕೆ ಒಪ್ಪಿಕೊಂಡ. ಬೋರ್ಡು ಹಾಕಿದ್ದಾ‌ನೆಂದು ಆಮೇಲೆ ಪಾಲಯ್ಯನ ಕಿವಿಗೆ ಬಿತ್ತು. ಅದರಲ್ಲಿ ಮಚ್ಚು ಅಂದರೆ ಮಾಳಿಗೆ, ಮಂಚದಿಂದ ಬಂದಿರಬಹುದಾದ ಮಾತು ಎಂದು ಚೆನ್ನಾಗಿ ಬರೆದಿದೆಯಂತೆ. ಇನ್ನೊಂದು ಮಚ್ಚಿನ ಹೆಸರಿಲ್ಲ. ಪಾಲಯ್ಯ ಅದನ್ನು ನೋಡಲು ಹೋಗಿಲ್ಲ. ಗಾದಿಲಿಂಗನ ಮುಂದೆಯೂ ಹೆಸರಿನ ವಿಷಯ ಮತ್ತೆ ಎತ್ತಲಿಲ್ಲ.

ಜೂನ್ ಮೊದಲ ವಾರ ಜೋರು ಮಳೆ ಬಂತು. ಮಾರನೆಯ ಬೆಳಿಗ್ಗೆ ಪಾಲಯ್ಯ ಮೊಣಕೈವರೆಗೆ ರಕ್ತ ಮಾಡಿಕೊಂಡು ಒಂದು ಟಗರಿನ ಹೊಟ್ಟೆ ಬಗೆಯುತ್ತಿದ್ದಾಗ ಫೋನ್ ಬಂತು. ಗಾದಿಲಿಂಗ ಅದನ್ನು ಅವನ ಕಿವಿಗೆ ಹಿಡಿದ.

"ಮಚ್ಚು ಸೋರಲಿಲ್ಲಪಾ," ಎಂದರು ಸೀತಾಬಾಯಿ. "ಒಂದು ಹನಿ ಇಲ್ಲ."

"ಭಾಳ ಛಲೋ ಆತ್ರಿ ಅಮ್ಮಾರ. ನಾತ?"

"ಇಲ್ಲಂತ ಎಲ್ಲಾರೂ ಅಂತಾರ. ನಿಂಗಿ ಅಂತಾಳ, ಭಾರ್ಗವ ಅಂತಾನ. ನನಗ ಮಾತ್ರ ಊಟಕ್ಕ ಕೂತಾಗ ಬರ್ತದ. ಕೈ ತೊಳಕೊಂಡ್ರೂ ಬರ್ತದ."

ಚಮಚದಲ್ಲಿ ಉಣ್ಣಿ ಎನ್ನಬೇಕೆಂದು ಬಾಯಿಗೆ ಬಂದದ್ದನ್ನು ಪಾಲಯ್ಯ ನುಂಗಿಕೊಂಡ. "ನೋಡ್ಕೋರಿ ಅಮ್ಮಾರ, ಹುಷಾರು," ಎಂದ. ಗಾದಿಲಿಂಗ ಫೋನ್ ತೆಗೆದು ಅಂಗಿಯ ಜೇಬಿಗಿಟ್ಟುಕೊಂಡ. ಕಟ್ಟೆಯ ಆಚೆ ಐದಾರು ಮಂದಿ ಕೊಡೆ ಮಡಚುತ್ತ ನಿಂತಿದ್ದರು. ಪಾಲಯ್ಯ ಉಸಿರು ಬಿಗಿಹಿಡಿದು ಬಿಸಿ ಕರುಳನ್ನು ಎಳೆದು ಬಕೆಟ್ಟಿಗೆ ಹಾಕಿದ. ಮುಂದಿನವನಿಗೆ ಎಷ್ಟು ಬೇಕೆಂದು ಕೇಳಿದ.